ಬಳಸದ ಆಯುಧಕ್ಕೆ ನ್ಯಾಯದ ಬೆಲೆ

ಮಹಾನವಮಿಯ ದಿನ ನಮ್ಮ ಈ ಮುಂಬಯಿ ಮಹಾನಗರದ ಕನ್ನಡಿಗರ ಮನೆಗಳಲ್ಲಿ ಆಯುಧಪೂಜೆ ನಡೆಯುವುದನ್ನು ನೋಡುವಾಗಲೆಲ್ಲ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ಎರಡು ಕೋಣೆಯ ಮನೆಯಲ್ಲಿ ಪೂಜೆಗೆ ಇಡಲು ಖಡ್ಗವೆಲ್ಲಿ, ಬಿಲ್ಲುಬಾಣಗಳೆಲ್ಲಿ? ಗೃಹಿಣಿಯ ಈಳಿಗೆಮಣೆ, ಹೊಲಿಗೆಯ ಯಂತ್ರ, ಯಜಮಾನನ ಸ್ಕೂಟರು, ಮಕ್ಕಳ ಕಂಪ್ಯೂಟರು, ಇವುಗಳಿಗೇ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವನ್ನೇರಿಸಿ ಕೈಮುಗಿಯುತ್ತೇವೆ. ವರ್ಷವೆಲ್ಲ ನಮಗಾಗಿ ದುಡಿದ ಸಾಧನಗಳಿಗೆ ಒಂದು ದಿನದ ವಿಶ್ರಾಂತಿ, ಒಂದು ದಿನದ ಕೃತಜ್ಞತೆ. ಇದರ ಅರ್ಥ ಯಾರಿಗಾದರೂ ಆಗತಕ್ಕದ್ದೇ. ಆದರೆ ಒಂದು ದಿನವೂ ದುಡಿಯದ, ಒಮ್ಮೆಯೂ ಬಳಸದ ಆಯುಧವೊಂದನ್ನು ವರ್ಷವರ್ಷವೂ ಪೂಜಿಸಿದ್ದರೆ ಅದರ ಅರ್ಥವೇನು? ಅದನ್ನೇ ಮಾರಬೇಕಾದ ಸಂದರ್ಭ ಬಂದರೆ ಅದಕ್ಕೆ ಕಟ್ಟತಕ್ಕ ಬೆಲೆ ಎಷ್ಟು? ನನ್ನ ಆತ್ಮೀಯ ಮಿತ್ರರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ಎದುರಾಯಿತು. ಅವರ ಅನುಮತಿ ಪಡೆದು, ಹೆಸರನ್ನು ಮಾತ್ರ ಬಿಟ್ಟು, ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಿತ್ರರು ಮಲೆನಾಡಿನವರು, ಉದ್ಯೋಗಕ್ಕಾಗಿ ಈ ನಗರಕ್ಕೆ ಬಂದು ಮೂರು ದಶಕಗಳಾದವು. ಊರಿನಲ್ಲಿ ಅಡಕೆಯ ತೋಟ, ಹಳೆಯ ಮನೆ, ಆ ಮನೆಯಲ್ಲಿ ವೃದ್ಧ ತಾಯಿ. ತಂದೆಯವರು ತೀರಿಕೊಂಡ ಮೇಲೆ ಮನೆಯ ಮೂರು ಕೋವಿಗಳು ವಾರಸುದಾರನಾದ ಮಗನ ಪರವಾನಗಿಗೆ ಬಂದವು: ಅಜ್ಜನ ಕಾಲದ ಕೇಪಿನ ಕೋವಿ, ಜೋಡಿ ನಳಿಗೆಯ ತೋಟೆ ಕೋವಿ ಮತ್ತು ಜೆಕೊಸ್ಲೊವಾಕಿಯದಲ್ಲಿ ತಯಾರಾದ ಒಂದು ಶಿಕಾರಿ ರೈಫಲು. ಈ ರೈಫಲನ್ನು ತಂದೆಯವರು ೧೯೭೧ರಲ್ಲಿ ಎರಡು ಸಾವಿರದ ನಾನೂರು ರೂಪಾಯಿ ಕೊಟ್ಟು ಕೊಂಡಿದ್ದರು. ಆ ವರ್ಷದ ನವರಾತ್ರಿಯಲ್ಲಿ ಅದನ್ನು ಪೂಜೆಗಿಟ್ಟು, ಸುಗ್ಗಿ ಮುಗಿದ ಮೇಲೆ ಕಾಡಿಗೆ ಹೋಗುವುದೆಂದು ನಿಶ್ಚಯಿಸಿದ್ದರಂತೆ. ಆ ಸುಗ್ಗಿಯಲ್ಲಿ ಏನೋ ಅಡಚಣೆ. ಮರುವರ್ಷ, ಎಂದರೆ ೧೯೭೨ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅಷ್ಟಾದರೂ ಕೆಲವು ಪ್ರಾಣಿಗಳಿಗೆ ಅನುಮತಿ ಪಡೆದು ಬೇಟೆಯಾಡುವ ಅವಕಾಶವಿತ್ತು. ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದು ೧೯೯೧ರ ತಿದ್ದುಪಡಿಯಿಂದ. ನೆರೆಹೊರೆಯ ಅನೇಕರು ತಲೆಗೆ ದೀಪ ಕಟ್ಟಿಕೊಂಡು ರಾತ್ರಿಯಲ್ಲಿ ಕದ್ದು ಶಿಕಾರಿ ಮಾಡುತ್ತಲೇ ಇದ್ದರು. ಇವರು ಮಾತ್ರ ೧೯೭೨ರಲ್ಲಿಯೇ ಕೈ ಹಿಂದೆಗೆದುಕೊಂಡರು. ಪ್ರತಿ ಮಹಾನವಮಿಯಂದು ರೈಫಲನ್ನು ಚರ್ಮದ ಚೀಲದಿಂದ ತೆಗೆದು, ಎಣ್ಣೆಯೊರೆಸಿ, ಹೂವೇರಿಸಿ, ಸಂಜೆ ಮತ್ತೆ ಚೀಲದೊಳಗಿಡುತ್ತಿದ್ದರು. ನಲವತ್ತಕ್ಕೂ ಹೆಚ್ಚು ಪೂಜೆಗಳು ನಡೆದವು. ಒಂದು ಈಡೂ ಹಾರಲಿಲ್ಲ.

೨೦೧೯ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯಿದೆಗೆ ತಿದ್ದುಪಡಿಯಾಗಿ, ಒಬ್ಬ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಹೆಚ್ಚಾದುದನ್ನು ಒಂದು ವರ್ಷದೊಳಗೆ ಠಾಣೆಗಾಗಲಿ ಅಧಿಕೃತ ವ್ಯಾಪಾರಿಗಾಗಲಿ ಒಪ್ಪಿಸಬೇಕು. ಅಜ್ಜನ ಕೋವಿ ಮನೆತನದ ಗುರುತು. ಜೋಡಿ ನಳಿಗೆ ತೋಟದ ಕಾವಲಿಗೆ ಬೇಕು. ಹೀಗಾಗಿ ರೈಫಲೇ ಮನೆ ಬಿಡಬೇಕಾಯಿತು. ಆ ವರ್ಷ ಮಿತ್ರರ ಮಗಳು ವೈದ್ಯಕೀಯ ವ್ಯಾಸಂಗಕ್ಕೆ ಸೇರುವವಳಿದ್ದಳು; ಶುಲ್ಕದ ಚಿಂತೆ ಮನೆಯಲ್ಲಿ ದೊಡ್ಡದಾಗಿತ್ತು. ನಗರದ ಕೋವಿ ವ್ಯಾಪಾರಿಯೊಬ್ಬರನ್ನು ವಿಚಾರಿಸಿದಾಗ ಅವರು ಹೇಳಿದರಂತೆ: "ಈ ಜಾತಿಯ ರೈಫಲು ಬಳಸಿದ್ದಾದರೆ ನಾಲ್ಕು ಲಕ್ಷ ಸ್ವಾಮೀ. ನಿಮ್ಮದು ಒಂದು ಗುಂಡೂ ಹಾರಿಸದ್ದು. ಆರು ಲಕ್ಷಕ್ಕೆ ಒಂದು ಕಾಸೂ ಕಡಮೆ ಹೇಳಬೇಡಿ. ಕೊಳ್ಳುವವರನ್ನು ನಾನು ತೋರಿಸುತ್ತೇನೆ." ಮಿತ್ರರು ಅಂದು ಸಂಜೆ ನನ್ನ ಮನೆಗೆ ಬಂದು ಕೇಳಿದರು: "ಎರಡು ಸಾವಿರದ ನಾನೂರಕ್ಕೆ ಕೊಂಡದ್ದು. ಆರು ಲಕ್ಷ ತೆಗೆದುಕೊಳ್ಳುವುದು ನ್ಯಾಯವೆ?"

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಕೊಳ್ಳುವವನು ಸಂತೋಷದಿಂದ ಕೊಡುತ್ತಾನೆ, ಮಾರುವವನು ಸಂತೋಷದಿಂದ ಪಡೆಯುತ್ತಾನೆ. ನಡುವೆ ಧರ್ಮಶಾಸ್ತ್ರಕ್ಕೇನು ಕೆಲಸ? ಆದರೆ ಇಬ್ಬರ ಒಪ್ಪಿಗೆಯೇ ನ್ಯಾಯವಾಗಿದ್ದಲ್ಲಿ ಜಗತ್ತಿನಲ್ಲಿ ಅನ್ಯಾಯದ ವ್ಯಾಪಾರವೆಂಬುದೇ ಇರುತ್ತಿರಲಿಲ್ಲ. ಬರಗಾಲದಲ್ಲಿ ಹಸಿದವನೂ ಒಪ್ಪಿಯೇ ದುಬಾರಿ ಅಕ್ಕಿಯನ್ನು ಕೊಳ್ಳುತ್ತಾನೆ. ಒಪ್ಪಿಗೆಯ ಹಿಂದೆ ತಿಳಿವಳಿಕೆ ಇದೆಯೆ, ನಿರ್ಬಂಧ ಇಲ್ಲವೆ ಎಂಬುದನ್ನು ನೋಡದೆ ನ್ಯಾಯದ ಮಾತನ್ನಾಡಲು ಬರುವುದಿಲ್ಲ.

ಮೊದಲು ನಾವಿಬ್ಬರೂ ಕೊಂಡ ಬೆಲೆಯಿಂದ ಲೆಕ್ಕ ಹಾಕಲು ಕುಳಿತೆವು. ಕೌಟಿಲ್ಯನ ಅರ್ಥಶಾಸ್ತ್ರವು ವರ್ತಕನ ಲಾಭಕ್ಕೆ ಮಿತಿಯನ್ನು ಹಾಕುತ್ತದೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು. ಆ ಪ್ರಕಾರ ನಮ್ಮ ರೈಫಲು ಎರಡು ಸಾವಿರದ ಆರುನೂರ ನಲವತ್ತು ರೂಪಾಯಿಗೆ ಹೋಗಬೇಕು! ಆದರೆ ಇಂದು ಕೊಂಡು ನಾಳೆ ಮಾರುವ ವರ್ತಕನಿಗೆ ಹೇಳಿದ ಮಾತು ಅರ್ಧ ಶತಮಾನ ಪೆಟ್ಟಿಗೆಯಲ್ಲಿದ್ದ ವಸ್ತುವಿಗೆ ಹೊಂದುವುದಿಲ್ಲ. ರೂಪಾಯಿಯೇ ಬೇರೆಯಾಗಿದೆ. ಹಾಗಾದರೆ ಆ ಕಾಲದ ರೂಪಾಯಿಯನ್ನು ಈ ಕಾಲದ ರೂಪಾಯಿಗೆ ತಿರುಗಿಸುವ ಅಳತೆಗೋಲು ಯಾವುದು? ೧೯೭೧ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಇನ್ನೂರು ರೂಪಾಯಿಯೊಳಗಿತ್ತು. ೨೦೨೦ರಲ್ಲಿ ಅದು ನಲವತ್ತು ಸಾವಿರವನ್ನು ದಾಟಿತ್ತು. ಚಿನ್ನದಿಂದ ಅಳೆದರೆ ತಂದೆಯವರು ಕೊಟ್ಟ ಹಣ ಐದು ಲಕ್ಷವನ್ನು ಮೀರುತ್ತದೆ. ಅಕ್ಕಿಯಿಂದ ಅಳೆದರೆ ಅದರ ಕಾಲು ಭಾಗವೂ ಬಾರದು. ಮಿತ್ರರು ನಕ್ಕು, "ಚಿನ್ನದ ಲೆಕ್ಕವೇ ಸರಿಯೆಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿದೆ, ನೋಡಿ" ಎಂದರು. ಆ ನಗೆಯಲ್ಲಿ ದೊಡ್ಡದೊಂದು ಸತ್ಯವಿತ್ತು. ಅಳತೆಗೋಲನ್ನು ಆರಿಸುವವನು ಮಾರುವವನೇ ಆದಾಗ, ಆಸೆ ಮೊದಲು ಬೆಲೆಯನ್ನು ನಿಶ್ಚಯಿಸುತ್ತದೆ. ಬುದ್ಧಿ ಆಮೇಲೆ ಅದಕ್ಕೆ ಲೆಕ್ಕವನ್ನು ಒದಗಿಸುತ್ತದೆ.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಕಥೆ ಇಲ್ಲಿ ನೆನಪಾಗುತ್ತದೆ. ಜಾಜಲಿಯೆಂಬ ತಪಸ್ವಿ ಅಲುಗಾಡದೆ ನಿಂತು ತಪಸ್ಸು ಮಾಡುವಾಗ ಅವನ ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿದವು. ತನಗೆ ಸಮಾನರಿಲ್ಲವೆಂದು ಅವನು ಬೀಗಿದಾಗ, ಕಾಶಿಯ ವರ್ತಕ ತುಲಾಧಾರನಿಗೆ ನೀನು ಸಮನಲ್ಲವೆಂಬ ಮಾತು ಆಕಾಶದಿಂದ ಕೇಳಿಸಿತು. ತಪಸ್ವಿ ಅಂಗಡಿಯನ್ನು ಹುಡುಕಿಕೊಂಡು ಬಂದ. ಆ ವರ್ತಕನ ಸಾಧನೆಯಾದರೂ ಏನು? ಅವನ ತಕ್ಕಡಿ ಸಕಲ ಪ್ರಾಣಿಗಳಿಗೂ ಸಮವಾಗಿತ್ತು. ಕಪಟವಿಲ್ಲದೆ ಕೊಂಡು, ಕಪಟವಿಲ್ಲದೆ ಮಾರುತ್ತಿದ್ದ. ಮದ್ಯವನ್ನು ಮಾತ್ರ ಮಾರುತ್ತಿರಲಿಲ್ಲ. ನಮ್ಮ ಪುರಾತನರು ತಪಸ್ಸಿಗಿಂತ ತಕ್ಕಡಿಯನ್ನು ಮೇಲಿಟ್ಟರಲ್ಲ, ಅದರ ತಾತ್ಪರ್ಯವನ್ನು ವ್ಯಾಪಾರದ ಈ ನಗರದಲ್ಲಿರುವ ನಾವು ಆಗಾಗ ಸ್ಮರಿಸಿಕೊಳ್ಳಬೇಕು. ಸಮವಾದ ತಕ್ಕಡಿಯೆಂದರೆ ಮಾರುವವನ ಕಷ್ಟದಿಂದಲೂ ಕೊಳ್ಳುವವನ ಸಿರಿತನದಿಂದಲೂ ವಾಲದ ತಕ್ಕಡಿ. ಮಗಳ ಶುಲ್ಕ ಮಿತ್ರರ ಕಷ್ಟ. ಅದು ರೈಫಲಿನ ಗುಣವಲ್ಲ. ಆ ಕಷ್ಟವನ್ನು ಬೆಲೆಯೊಳಗೆ ಸೇರಿಸಿದರೆ ಗೊತ್ತಿಲ್ಲದ ಒಬ್ಬನ ಮೇಲೆ ತಮ್ಮ ಮನೆಯ ಹೊರೆಯನ್ನು ಹೊರಿಸಿದಂತೆ.

ಇದನ್ನೇ ಹೋಲುವ ಮಾತನ್ನು ಹದಿಮೂರನೆಯ ಶತಮಾನದ ಪಾಶ್ಚಾತ್ಯ ದಾರ್ಶನಿಕ ಥಾಮಸ್ ಅಕ್ವಿನಾಸನೂ ಹೇಳಿದ್ದಾನೆ. ಒಂದು ವಸ್ತುವಿನಿಂದ ಕೊಳ್ಳುವವನಿಗೆ ವಿಶೇಷ ಲಾಭವಿದೆಯೆಂಬ ಕಾರಣಕ್ಕೆ ಬೆಲೆಯನ್ನು ಏರಿಸಬಾರದು. ಆ ಲಾಭ ಹುಟ್ಟುವುದು ಕೊಳ್ಳುವವನ ಸ್ಥಿತಿಯಿಂದ, ಮಾರುವವನಿಂದಲ್ಲ. ಆದರೆ ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ವಿಶೇಷ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಎಣಿಸಬಹುದು. ಈ ಎರಡನೆಯ ಮಾತು ಮಿತ್ರರಿಗೆ ಹಿಡಿಸಿತು. "ತಂದೆಯ ನೆನಪನ್ನೇ ಕಳೆದುಕೊಳ್ಳುತ್ತಿದ್ದೇನಲ್ಲ, ಇದು ನಷ್ಟವಲ್ಲವೆ?" ಎಂದರು. ಅದು ನಿಜವೇ. ಆದರೆ ಆ ನಷ್ಟವನ್ನು ಎರಡು ಲಕ್ಷವೆಂದು ಅಳೆದವರಾರು? ಕೋವಿ ವ್ಯಾಪಾರಿ! ನೆನಪಿಗೆ ಬೆಲೆ ಕಟ್ಟುವ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು?

ಪೇಟೆಯ ಬೆಲೆ ಹೀಗೆ ಏರುವುದಕ್ಕೆ ಕಾರಣವೂ ವಿಚಾರಕ್ಕೆ ಯೋಗ್ಯವಾಗಿದೆ. ೧೯೮೦ರ ದಶಕದ ನಡುವಿನಿಂದ ಖಾಸಗಿಯವರು ಪರದೇಶದ ಕೋವಿಗಳನ್ನು ತರಿಸಿಕೊಳ್ಳುವುದು ಬಹುಮಟ್ಟಿಗೆ ನಿಂತುಹೋಯಿತು. ಸೈನ್ಯ ಬಳಸುತ್ತಿದ್ದ ಅಳತೆಯ ರೈಫಲುಗಳು ಸಾಮಾನ್ಯ ಪರವಾನಗಿಗೆ ನಿಷಿದ್ಧವಾದ ಕಾರಣ, ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ಜನರಿಗಾಗಿ ಬೇರೆ ಅಳತೆಯ ರೈಫಲು ತಯಾರಾಗುತ್ತ ಬಂದಿದೆ. ಆದರೆ ಪರದೇಶದ ಹಳೆಯ ಸರಕಿನ ಮೋಹವೇ ಬೇರೆ. ಹೊಸದು ಬರುವಂತಿಲ್ಲ, ಇದ್ದುದು ಕೈಯಿಂದ ಕೈಗೆ ಹೋಗುತ್ತ ಏರುತ್ತದೆ. ಈ ಏರಿಕೆಗೆ ಮಿತ್ರರು ಬೆವರು ಸುರಿಸಲಿಲ್ಲ, ಅವರ ತಂದೆಯೂ ಸುರಿಸಲಿಲ್ಲ. ಆದರೂ ಪೇಟೆಯ ದರವನ್ನು ಪಡೆಯುವುದು ಪಾಪವೆಂದು ನಾನು ಹೇಳಲಾರೆ. ತೋಟದ ಅಡಕೆಗೆ ದರ ಏರಿದ ವರ್ಷ ರೈತ ಏರಿದ ದರವನ್ನೇ ಪಡೆಯುತ್ತಾನೆ. ಇಳಿದ ವರ್ಷ ಅವನ ಕಣ್ಣೀರನ್ನು ಯಾರೂ ಒರೆಸುವುದಿಲ್ಲ. ನಾಲ್ಕು ಲಕ್ಷದವರೆಗೆ ನಮ್ಮ ಮನಸ್ಸಿಗೆ ಅಳುಕಿರಲಿಲ್ಲ. ಅಳುಕು ಹುಟ್ಟಿದ್ದು ಮೇಲಿನ ಎರಡು ಲಕ್ಷದ ವಿಷಯದಲ್ಲಿ, ಎಂದರೆ 'ಬಳಸಿಲ್ಲ' ಎಂಬ ಒಂದು ಪದಕ್ಕೆ ಸಿಗುವ ಬೆಲೆಯಲ್ಲಿ.

ಕೋವಿಯನ್ನು ಮಾರುವ ಮುನ್ನ ಅದರ ಗುಣಾವಗುಣಗಳನ್ನು ತಿಳಿಯಬೇಕೆಂದು ಮಿತ್ರರು ಅದನ್ನು ಕೋವಿ ದುರಸ್ತಿಯಲ್ಲಿ ನುರಿತ ಇಬ್ಬರಿಗೆ ಬೇರೆಬೇರೆಯಾಗಿ ತೋರಿಸಿದರು. ಆಗ ಒಂದು ಸಂಗತಿ ಹೊರಬಿತ್ತು. ಮಲೆನಾಡಿನ ಮಳೆಗಾಲದ ತೇವವನ್ನು ಚರ್ಮದ ಚೀಲ ಹೀರಿಕೊಂಡು ಉಕ್ಕಿಗೆ ಒಪ್ಪಿಸುತ್ತಲೇ ಇತ್ತು. ಮೇಲಿನಿಂದ ಕನ್ನಡಿಯಂತೆ ಹೊಳೆಯುವ ರೈಫಲಿನ ನಳಿಗೆಯ ಅಡಿಯಲ್ಲಿ, ಮರ ಮುಚ್ಚುವ ಕಡೆ, ತುಕ್ಕು ಹಿಡಿದಿತ್ತು. ಒಳಗಿನ ಹಳೆಯ ಗ್ರೀಸು ಗಟ್ಟಿಯಾಗಿ ಅರಗಿನಂತಾಗಿತ್ತು. ಅದನ್ನು ಕರಗಿಸಿ ತೆಗೆದಾಗ ನಳಿಗೆಯ ಒಳಮೈಯಲ್ಲಿ ಸಿಡುಬಿನ ಕಲೆಯಂಥ ಸಣ್ಣ ಗುಳಿಗಳು ಕಂಡವು. ಅಪಾಯವೇನೂ ಇಲ್ಲ, ಗುರಿ ಮಾತ್ರ ಕೊಂಚ ಕೆಡಬಹುದು ಎಂದು ಇಬ್ಬರೂ ಹೇಳಿದರು. ಒಬ್ಬರು ಮೂರೂವರೆ ಲಕ್ಷ ಬಾಳುವುದೆಂದರು, ಇನ್ನೊಬ್ಬರು ನಾಲ್ಕು. ಬಳಸದಿರುವುದು ಬೇರೆ, ಕೆಡದಿರುವುದು ಬೇರೆ ಎಂಬುದು ಆಗ ಸ್ಪಷ್ಟವಾಯಿತು. ಬಳಸಿದ ಕೋವಿಯನ್ನು ಒಡೆಯನು ಮತ್ತೆಮತ್ತೆ ಬಿಚ್ಚಿ ಒರೆಸುತ್ತಾನೆ. ಬಳಸದ್ದು ಪೂಜೆಯ ಹೂವಿನ ಕೆಳಗೇ ತುಕ್ಕು ಹಿಡಿಯಬಹುದು.

ಕೋವಿ ವ್ಯಾಪಾರಿಗೆ ಇದನ್ನು ತಿಳಿಸಿದಾಗ ಅವರು, "ಇದನ್ನು ಕೊಳ್ಳುವವರು ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆ ಸ್ವಾಮೀ, ಹಾರಿಸಲು ಅಲ್ಲ. ಒಳಗಿನದನ್ನು ಯಾರು ನೋಡುತ್ತಾರೆ? ಬಳಸಿಲ್ಲವೆಂಬ ಮಾತು ಸತ್ಯವೇ ತಾನೆ?" ಎಂದರು. ಸತ್ಯವೇ. ಆದರೆ ಕೇಳುವವನ ಮನಸ್ಸಿನಲ್ಲಿ ಅಸತ್ಯವನ್ನು ಹುಟ್ಟಿಸುವುದಕ್ಕಾಗಿ ಆಡಿದ ಸತ್ಯಕ್ಕೆ ಏನೆನ್ನಬೇಕು? ಅಶ್ವತ್ಥಾಮನೆಂಬ ಆನೆ ಸತ್ತದ್ದೂ ಸತ್ಯವೇ ಆಗಿತ್ತು. ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ಆ ಮಾತಿನೊಂದಿಗೆ ನೆಲಕ್ಕಿಳಿಯಿತೆಂಬುದನ್ನು ನಾವು ಬಲ್ಲೆವು.

ಮಿತ್ರರು ಊರಿಗೆ ಹೋಗಿ ತಾಯಿಯ ಮುಂದೆ ಎಲ್ಲವನ್ನೂ ಹೇಳಿದರು. ನಾಲ್ಕು, ಆರು, ತುಕ್ಕು, ಶುಲ್ಕ, ಯಾವುದನ್ನೂ ಬಚ್ಚಿಡಲಿಲ್ಲ. ಆ ವೃದ್ಧೆ ಅಡಕೆಯನ್ನು ಹೋಳು ಮಾಡುತ್ತ ಕೇಳಿಸಿಕೊಂಡು, ಕೊನೆಗೆ ಹೇಳಿದ ಮಾತನ್ನು ಅವರು ನನಗೆ ಹೀಗೆ ವರದಿ ಮಾಡಿದರು: "ನಿನ್ನ ಅಪ್ಪಯ್ಯ ಅದರಲ್ಲಿ ಒಂದು ಹಕ್ಕಿಯನ್ನೂ ಹೊಡೆಯಲಿಲ್ಲ. ಹೊಡೆಯಬೇಕೆಂದು ಆಸೆ ಇರಲಿಲ್ಲವೆ? ಇತ್ತು. ಬೆಳದಿಂಗಳ ರಾತ್ರಿ ಅಂಗಳದಲ್ಲಿ ಕೂತು ಕಾಡಿನ ಕಡೆ ನೋಡುತ್ತಿದ್ದರು. ಹೋಗಲಿಲ್ಲ, ಅಷ್ಟೇ. ಅದು ಅವರು ಮಾಡಿದ ಕೆಲಸ. ಅದಕ್ಕೆ ಬೆಲೆ ಕಟ್ಟಲು ನಿನಗೆ ಬರುತ್ತದೆಯೆ? ಬರುವುದಿಲ್ಲವೆಂದಾದರೆ ಲೆಕ್ಕಕ್ಕೆ ಸೇರಿಸಬೇಡ. ಕಬ್ಬಿಣಕ್ಕೂ ಮರಕ್ಕೂ ಏನು ಬರುತ್ತದೋ ಅದನ್ನು ತೆಗೆದುಕೋ."

ಈ ಮಾತನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಕದ್ದು ತಂದದ್ದಲ್ಲ, ಬೇಡಿ ತಂದದ್ದೂ ಅಲ್ಲ. ಆದರೂ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದಳು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತುಕ್ಕನ್ನು ಮರೆಮಾಡಿ ಮಾರುವುದು ವಂಚನೆ. ಅದನ್ನು ಮಾಡದಿರುವುದು ಎಲ್ಲರಿಗೂ ವಿಧಿಸಿದ ಕರ್ತವ್ಯ. ಎಲ್ಲವನ್ನೂ ತಿಳಿಸಿದ ಮೇಲೂ ಕೊಳ್ಳುವವನು ಆರು ಲಕ್ಷವನ್ನೇ ಕೊಡುತ್ತೇನೆಂದರೆ ಪಡೆಯುವುದರಲ್ಲಿ ದೋಷವಿದೆಯೆ? ದೋಷವಿಲ್ಲವೆಂದೇ ನನ್ನ ಅಭಿಪ್ರಾಯ. ಅದನ್ನು ಬಿಡುವುದು ಕರ್ತವ್ಯಕ್ಕಿಂತ ಮೇಲಿನ ವ್ರತ. ವ್ರತವನ್ನು ಪರರ ಮೇಲೆ ಹೇರಲಾಗದು. ತಾನಾಗಿ ಹಿಡಿದವರನ್ನು ಕಂಡಾಗ ಕೈಮುಗಿಯಬಹುದು.

ಇನ್ನೊಂದು ಆಕ್ಷೇಪಕ್ಕೂ ಉತ್ತರ ಹೇಳಬೇಕು. ಉಪಾಸಕನು ಮಾಡಬಾರದ ಐದು ವ್ಯಾಪಾರಗಳಲ್ಲಿ ಶಸ್ತ್ರದ ವ್ಯಾಪಾರವನ್ನು ಭಗವಾನ್ ಬುದ್ಧನು ಮೊದಲು ಎಣಿಸಿದ್ದಾನೆ. ಹಾಗಿರುವಾಗ ಕೊಲ್ಲುವ ವಸ್ತುವಿಗೆ ನ್ಯಾಯದ ಬೆಲೆಯೆಂಬುದು ಇದೆಯೆ? ಮಿತ್ರರದು ವ್ಯಾಪಾರವಲ್ಲ, ಕಾನೂನಿನ ಪ್ರಕಾರ ಒಂದು ಬಾರಿಯ ವಿಲೇವಾರಿ. ಆದರೂ ಆಕ್ಷೇಪದಲ್ಲಿ ತಿರುಳಿದೆ. ಹಿತ್ತಾಳೆಯ ಹಂಡೆಯನ್ನು ಮಾರಿದವನ ಜವಾಬ್ದಾರಿ ಹಣ ಪಡೆದೊಡನೆ ಮುಗಿಯುತ್ತದೆ. ರೈಫಲನ್ನು ಮಾರಿದವನದು ಮುಗಿಯುವುದಿಲ್ಲ. ಕೋವಿಯನ್ನು ಮಾರುವ ಉದ್ದೇಶವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣಾಧಿಕಾರಿಗೋ ಬರೆದು ತಿಳಿಸಿ, ನಲವತ್ತೈದು ದಿನ ಕಾಯಬೇಕೆಂದು ಕಾಯಿದೆ ವಿಧಿಸುತ್ತದೆ. ಕೊಳ್ಳುವವನಿಗೆ ಅದನ್ನು ಹೊಂದುವ ಹಕ್ಕಿರಬೇಕು. ಇದು ಸರ್ಕಾರದ ವಿಚಾರಣೆಗಾಗಿ ಇಟ್ಟ ಅವಧಿ. ಮಾರುವವನ ಆತ್ಮವಿಚಾರಣೆಗೂ ಅದು ಸಾಕಾಗುತ್ತದೆ. ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕೇಳದೆ ಎಷ್ಟಕ್ಕೆ ಹೋಗುತ್ತದೆ ಎಂದು ಮಾತ್ರ ಕೇಳುವವನು ಎಷ್ಟು ಕಡಮೆ ಬೆಲೆಗೆ ಕೊಟ್ಟರೂ ಅದು ನ್ಯಾಯದ ಬೆಲೆಯಾಗಲಾರದು.

ಮುಂದೆ ನಡೆದದ್ದು ಇಷ್ಟು. ಮಿತ್ರರು ಇಬ್ಬರು ನುರಿತವರ ಅಂದಾಜಿನ ನಡುವನ್ನು ಹಿಡಿದು ಮೂರು ಲಕ್ಷದ ಎಪ್ಪತ್ತೈದು ಸಾವಿರವೆಂದು ನಿಶ್ಚಯಿಸಿದರು. ತುಕ್ಕಿನ ವಿವರವನ್ನು ಕಾಗದದಲ್ಲಿ ಬರೆದಿಟ್ಟರು. ಮೊದಲು ಬಂದವರು ನಗರದ ಶ್ರೀಮಂತರೊಬ್ಬರು, ವ್ಯಾಪಾರಿ ತೋರಿಸಿದವರು, ಆರು ಲಕ್ಷಕ್ಕೆ ಸಿದ್ಧರಾಗಿಯೇ ಬಂದವರು. ಮಿತ್ರರು ಕಾಗದವನ್ನು ಮುಂದಿಟ್ಟು ಬೆಲೆಯನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು. ಕೇಳಿದ್ದಕ್ಕಿಂತ ಕಡಮೆ ಹೇಳುವವನಲ್ಲಿ ಏನೋ ಮೋಸವಿರಬೇಕೆಂದು ಸಂಶಯಪಟ್ಟು ಹೊರಟುಹೋದರು. ನಮ್ಮ ಕಾಲದಲ್ಲಿ ಪ್ರಾಮಾಣಿಕತೆಗೆ ಒದಗಿದ ಅವಸ್ಥೆ ಇದು! ಎರಡು ತಿಂಗಳ ಮೇಲೆ ಕೊಡಗಿನ ತೋಟದವರೊಬ್ಬರು ಬಂದರು. ಕೊಡವರಿಗೂ ಜಮ್ಮಾ ಭೂಮಿಯ ಒಡೆಯರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಪರವಾನಗಿಯಲ್ಲಿ ವಿನಾಯಿತಿಯಿದ್ದು, ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿದೆ. ಅವರು ಕಾಗದವನ್ನು ಎರಡು ಬಾರಿ ಓದಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಚೌಕಾಸಿ ಮಾಡದೆ ಒಪ್ಪಿದರು. ಕಾನೂನಿನ ಕ್ರಮವೆಲ್ಲ ಮುಗಿದು ರೈಫಲು ಕೊಡಗಿಗೆ ಹೋಯಿತು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ತೋಕ್ ಪೂ ಎಂಬ ಅಗ್ನಿವರ್ಣದ ಹೂವನ್ನು ಸಿಕ್ಕಿಸಿಕೊಂಡು ಅಲ್ಲಿಯೂ ಅದು ಪೂಜೆಗೊಳ್ಳುತ್ತಿದೆಯಂತೆ. ಮಗಳ ಶುಲ್ಕಕ್ಕೆ ಕಡಮೆಬಿದ್ದ ಹಣವನ್ನು ಮಿತ್ರರು ಬ್ಯಾಂಕಿನ ಸಾಲದಿಂದ ತುಂಬಿದರು. ಇದನ್ನು ಬರೆಯುವ ಹೊತ್ತಿಗೂ ಕಂತು ಕಟ್ಟುತ್ತಿದ್ದಾರೆ. ಇದನ್ನೂ ಹೇಳದೆ ಬಿಟ್ಟರೆ ನಾನೇ ತುಕ್ಕನ್ನು ಮರೆಮಾಡಿದಂತಾದೀತು.

ಪಾಂಡವರು ಅಜ್ಞಾತವಾಸದಲ್ಲಿ ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ ಕಟ್ಟಿ, ಒಂದು ವರ್ಷ ಕೈ ಮುಟ್ಟದೆ ಕಾದರು. ಗಾಂಡೀವದ ಮಹಿಮೆ ಹದಿನೆಂಟು ದಿನದ ಯುದ್ಧದಲ್ಲಿ ಮಾತ್ರವಲ್ಲ, ಆ ಒಂದು ವರ್ಷದ ಮೌನದಲ್ಲಿಯೂ ಇದೆ. ಬಳಸದ ಆಯುಧಕ್ಕೆ ನಡೆಯುವ ಪೂಜೆ ಆ ಮೌನಕ್ಕೆ ಸಲ್ಲುವ ಪೂಜೆ.

ಅದೇ ಶಮಿಯ ಎಲೆಯನ್ನು ವಿಜಯದಶಮಿಯ ಸಂಜೆ ಬನ್ನಿಯೆಂದು ನಾವು ಹಂಚುತ್ತೇವೆ. ಈ ನಾಡಿನ ನಮ್ಮ ಮರಾಠಿ ನೆರೆಯವರು ಆಪ್ಟಾದ ಎಲೆಯನ್ನು ಕೊಡುತ್ತಾರೆ. ಎರಡನ್ನೂ ಬಂಗಾರವೆಂದೇ ಕರೆಯುತ್ತೇವೆ. ಇದರ ಹಿಂದೆ ಹೇಳುವ ಕಥೆಯನ್ನು ಸ್ಮರಿಸೋಣ. ಗುರುವಿಗೆ ಹದಿನಾಲ್ಕು ಕೋಟಿ ಹೊನ್ನಿನ ದಕ್ಷಿಣೆಯನ್ನು ಸಲ್ಲಿಸಬೇಕಾದ ಕೌತ್ಸನು ರಘುಮಹಾರಾಜನಲ್ಲಿಗೆ ಬಂದ. ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಕೊಡುತ್ತಿದ್ದ ರಾಜನಿಗಾಗಿ ಕುಬೇರ ಚಿನ್ನದ ಮಳೆಯನ್ನು ಸುರಿಸಿದ. ಎಲ್ಲವೂ ನಿನ್ನದೇ ಎಂದ ರಾಜ. ಹದಿನಾಲ್ಕು ಕೋಟಿಗಿಂತ ಒಂದೂ ಬೇಡವೆಂದ ಕೌತ್ಸ. ಅಯೋಧ್ಯೆಯ ಜನ ಇಬ್ಬರನ್ನೂ ಕೊಂಡಾಡಿದರು. ಅಂದು ಹೆಚ್ಚಿಗೆ ಉಳಿದ ಚಿನ್ನವೇ ಎಲೆಯಾಗಿ ನಮ್ಮ ಕೈಗೆ ಬರುತ್ತಿದೆಯೆಂದು ಭಾವಿಸಬಾರದೇಕೆ? ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣವೆಂದು ಹಿರಿಯರ ಪಾದಕ್ಕೆರಗುವಾಗ, ಆ ಬಂಗಾರ ಯಾರೋ ಇಬ್ಬರು ಬೇಡವೆಂದು ಬಿಟ್ಟದ್ದೆಂಬ ನೆನಪಿರಲಿ. ಜಗನ್ಮಾತೆ ನಮ್ಮ ತಕ್ಕಡಿಯನ್ನು ಸಮವಾಗಿಡಲಿ.